ಮಕ್ಕಳ ದೃಷ್ಟಿ ಸಂರಕ್ಷಣೆ

ಹೊಟ್ಟೆ ನೊಂದರೆ ಮಗು ಅಳುತ್ತದೆ, ಕಿವಿ ನೊಂದರೆ ರಾತ್ರಿಯಿಡೀ ಮನೆಯವರನ್ನು ಎಚ್ಚರವಾಗಿರಿಸುತ್ತದೆ. ಕಣ್ಣು ಮಂದವಾದರೆ ಮಾತ್ರ ಸುಮ್ಮನಿರುತ್ತದೆ. ಎಳವೆಯಿಂದಲೂ ಮಸುಕಾಗಿಯೇ ಕಂಡ ಜಗತ್ತು ಅದಕ್ಕೆ ಸಹಜವಾದ ಜಗತ್ತು. ಇತರರಿಗೆ ಹೀಗೆ ಕಾಣುವುದಿಲ್ಲವೆಂಬ ಅರಿವು ಅದಕ್ಕೆ ಎಲ್ಲಿಂದ ಬರಬೇಕು? ಕರಿಹಲಗೆಯ ಅಕ್ಷರ ತಿಳಿಯದೆ ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುವ ಬಾಲಕನಿಗೆ ಶಾಲೆಯಲ್ಲಿ ದಡ್ಡನೆಂಬ ಬಿರುದು, ಮನೆಯಲ್ಲಿ ಸೋಮಾರಿಯೆಂಬ ಬೈಗುಳ. ಟೆಲಿವಿಷನ್ನಿನ ತೀರ ಸಮೀಪ ಕುಳಿತುಕೊಳ್ಳುವುದು, ಕಣ್ಣು ಕಿರಿದುಮಾಡಿ ನೋಡುವುದು, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುವುದು ಮುಂತಾದವನ್ನು ದುರಭ್ಯಾಸವೆಂದು ಗದರಿಸುವ ಮುನ್ನ ಕಣ್ಣನ್ನು ಪರೀಕ್ಷೆ ಮಾಡಿಸುವುದು ಲೇಸು.

ನವಜಾತ ಶಿಶುವಿನ ಕಣ್ಣುಗುಡ್ಡೆಯ ಉದ್ದ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್. ವಯಸ್ಕರಲ್ಲಿ ಅದು ಸುಮಾರು 24. ಈ ಬೆಳವಣಿಗೆ ಹಿತಮಿತವಾಗಿದ್ದರೆ ಬಿಂಬವು ಅಕ್ಷಿಪಟದ ಮೇಲೆ ಸರಿಯಾಗಿ ಬೀಳುತ್ತದೆ. ಗುಡ್ಡೆಯು ಅಗತ್ಯಕ್ಕಿಂತ ಒಂದೇ ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೂ ಎರಡೂವರೆಯಿಂದ ಮೂರು ನಂಬರಿನ ಸಮೀಪದೃಷ್ಟಿ ದೋಷ ಉಂಟಾಗುತ್ತದೆ. ಏಳೆಂಟನೆಯ ವಯಸ್ಸಿನಲ್ಲಿ ಆರಂಭವಾದ ದೋಷ ಪ್ರೌಢಶಾಲೆ ಮುಗಿಯುವವರೆಗೂ ಏರುತ್ತ ಹೋಗುವುದುಂಟು. ಬೇಗ ತೆಗೆದುಕೊಂಡ ಸಾಲಕ್ಕೆ ಬಡ್ಡಿ ಹೆಚ್ಚು ಬೆಳೆದಂತೆ. ನಂಬರು ತೀರ ಹೆಚ್ಚಿದವರಲ್ಲಿ ಮುಂದೆ ಅಕ್ಷಿಪಟ ಕಳಚಿಕೊಳ್ಳುವ ಅಪಾಯವೂ ಅಧಿಕ. ಆದ್ದರಿಂದ ಇದು ಕೇವಲ ಕನ್ನಡಕದ ಖರ್ಚಿನ ಪ್ರಶ್ನೆಯಲ್ಲ.

ದೆಹಲಿಯ ಶಾಲೆಗಳ ಸುಮಾರು ಹತ್ತು ಸಾವಿರ ಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶೇಕಡ 13ರಷ್ಟು ಮಂದಿಗೆ ಸಮೀಪದೃಷ್ಟಿ ಕಂಡುಬಂತು. ದಿನಕ್ಕೆ ಎರಡು ಗಂಟೆಗೂ ಮೇಲ್ಪಟ್ಟು ಬಯಲಲ್ಲಿ ಆಡುವ ಮಕ್ಕಳಲ್ಲಿ ದೋಷ ಕಡಿಮೆಯೆಂಬುದು ಅದೇ ಅಧ್ಯಯನದ ಗಮನಾರ್ಹ ಅಂಶ. ಹಗಲಿನ ಬೆಳಕು ಅಕ್ಷಿಪಟದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ಗುಡ್ಡೆಯ ಅತಿಬೆಳವಣಿಗೆಯನ್ನು ತಡೆಯುತ್ತದೆಂಬುದು ಅನೇಕ ತಜ್ಞರ ಅಭಿಮತ. ತೈವಾನ್ ದೇಶವು 2010ರಿಂದ ಶಾಲಾಮಕ್ಕಳನ್ನು ದಿನಕ್ಕೆ 120 ನಿಮಿಷ ಹೊರಗೆ ಕಳುಹಿಸುವ ಯೋಜನೆಯನ್ನು ಹಮ್ಮಿಕೊಂಡಿತು. ನಮ್ಮ ಮಹಾನಗರಗಳ ಸ್ಥಿತಿ ಎಲ್ಲರಿಗೂ ವಿದಿತವೇ. ಕಟ್ಟಡದ ಅಂಗಳದಲ್ಲಿ ಮೋಟಾರುಗಳ ಸಾಲು, ಶಾಲೆಯ ಬೆನ್ನಿಗೇ ಟ್ಯೂಷನ್, ಅದು ಮುಗಿಯುವ ವೇಳೆಗೆ ಕತ್ತಲು. ಇದರ ಮೇಲೆ ಅಂಗೈಯಗಲದ ಮೊಬೈಲು ಬೇರೆ. ಸಂಜೆಯ ಟ್ಯೂಷನ್ನನ್ನು ಒಂದು ತಾಸು ಮುಂದೂಡಿ ಮಗುವನ್ನು ಬಿಸಿಲಿರುವಾಗಲೇ ಮೈದಾನಕ್ಕೆ ಕಳುಹಿಸುವ ತಂದೆತಾಯಿಗಳು ಯಾವ ನಷ್ಟಕ್ಕೂ ಗುರಿಯಾಗರು.

ಕನ್ನಡಕ ಹಾಕಿದರೆ ಕಣ್ಣು ಇನ್ನಷ್ಟು ಕೆಡುತ್ತದೆಂಬ ನಂಬಿಕೆ ಇಂದಿಗೂ ಅಳಿದಿಲ್ಲ. ಹೆಣ್ಣುಮಗುವಾದರೆ ವಿವಾಹದ ಚಿಂತೆಯೂ ಸೇರಿ, ವೈದ್ಯರು ಬರೆದುಕೊಟ್ಟ ಕನ್ನಡಕ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಕನ್ನಡಕ ತಪ್ಪಿಸಿದರೆ ನಂಬರು ಇಳಿಯುವುದಿಲ್ಲ. ಮಗುವಿನ ಪಾಠ ಮಾತ್ರ ಹಿಂದೆ ಬೀಳುತ್ತದೆ.

ಇದಕ್ಕಿಂತಲೂ ಗುಪ್ತವಾದುದು ‘ಸೋಮಾರಿ ಕಣ್ಣು’. ಎರಡು ಕಣ್ಣುಗಳಲ್ಲಿ ಒಂದಕ್ಕೆ ಮಾತ್ರ ದೋಷ ಹೆಚ್ಚಿದ್ದಾಗ ಅಥವಾ ಮೆಳ್ಳೆಗಣ್ಣಿದ್ದಾಗ, ಮೆದುಳು ಮಸುಕಾದ ಬಿಂಬವನ್ನು ತಿರಸ್ಕರಿಸಿ ಒಳ್ಳೆಯ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಒಂದು ಕಣ್ಣು ಚೆನ್ನಾಗಿರುವುದರಿಂದ ಮಗು ಓಡಾಡುತ್ತದೆ, ಓದುತ್ತದೆ. ಯಾರಿಗೂ ಸಂಶಯ ಬಾರದು. ಮೆಳ್ಳೆಗಣ್ಣು ಅದೃಷ್ಟದ ಚಿಹ್ನೆಯೆಂದು ಸಂತೋಷಪಡುವ ಅಜ್ಜಿಯರಿಗೂ ಕೊರತೆಯಿಲ್ಲ. ಏಳೆಂಟು ವರ್ಷದೊಳಗೆ ಪತ್ತೆಯಾದರೆ ಚಿಕಿತ್ಸೆ ಬಹುಮಟ್ಟಿಗೆ ಫಲಕಾರಿ. ವಯಸ್ಸು ಏರಿದಂತೆ ಫಲ ಕುಗ್ಗುತ್ತದೆ, ಆಮೇಲೆ ಎಷ್ಟು ಒಳ್ಳೆಯ ಕನ್ನಡಕ ತಂದರೂ ಆ ಕಣ್ಣು ಪೂರ್ಣ ಕಾಣದು. ಚಿಕಿತ್ಸೆ ಸರಳ: ಮೊದಲು ತಕ್ಕ ಕನ್ನಡಕ, ಬಳಿಕ ಒಳ್ಳೆಯ ಕಣ್ಣಿಗೆ ದಿನಕ್ಕೆ ಎರಡರಿಂದ ಆರು ತಾಸು ಪಟ್ಟಿ ಕಟ್ಟಿ ಸೋಮಾರಿ ಕಣ್ಣನ್ನು ದುಡಿಸುವುದು. ಸರಳವಾದರೂ ಸುಲಭವಲ್ಲ. ಪಟ್ಟಿಯನ್ನು ಕಿತ್ತೆಸೆಯುವ ನಾಲ್ಕು ವರ್ಷದ ಮಗುವಿನೊಡನೆ ತಿಂಗಳುಗಟ್ಟಲೆ ಹೆಣಗುವ ತಾಯಿಯ ಸಹನೆಯೇ ಇಲ್ಲಿ ನಿಜವಾದ ಔಷಧ. ಮನೆಯಲ್ಲಿಯೇ ಆಟದಂತೆ ಒಂದೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಬಹುದು. ಒಂದನ್ನು ಮುಚ್ಚಿದಾಗ ಸುಮ್ಮನಿದ್ದು ಇನ್ನೊಂದನ್ನು ಮುಚ್ಚಿದೊಡನೆ ಮಗು ಕೈ ತಳ್ಳಿದರೆ ಕಾಲಹರಣ ಸಲ್ಲದು. ಪಾಪೆಯಲ್ಲಿ ಬೆಳ್ಳಗಿನ ಹೊಳಪು ಕಂಡರಂತೂ ಅದೇ ದಿನ ನೇತ್ರವೈದ್ಯರ ಬಳಿಗೆ ಹೋಗಬೇಕು. ಅದು ಪೊರೆಯಿರಬಹುದು, ಕಣ್ಣಿನ ಕ್ಯಾನ್ಸರೂ ಇರಬಹುದು.

ತಿಂಗಳು ತುಂಬದೆ ಹುಟ್ಟಿದ, ತೂಕ 2 ಕಿಲೋಗ್ರಾಮಿಗಿಂತ ಕಡಿಮೆಯಿರುವ ಶಿಶುಗಳ ಅಕ್ಷಿಪಟವನ್ನು ಮೂವತ್ತು ದಿನದೊಳಗೆ ಪರೀಕ್ಷಿಸಲೇಬೇಕು. ಕರ್ನಾಟಕದಲ್ಲಿ 2008ರಲ್ಲಿ ಆರಂಭವಾದ ‘ಕಿಡ್‌ರಾಪ್’ ಯೋಜನೆಯಂತೆ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೆ ತೆರಳಿ, ಚಿತ್ರಗಳನ್ನು ಬೆಂಗಳೂರಿನ ತಜ್ಞರಿಗೆ ರವಾನಿಸುತ್ತ ಬಂದಿದ್ದಾರೆ.

ಆಹಾರದ ಮಾತು ಹಳೆಯದಾದರೂ ಹೇಳಬೇಕಾದುದು. ಜೀವಸತ್ವ ‘ಎ’ ಕೊರತೆಯಿಂದ ಬರುವ ಇರುಳುಗಣ್ಣು ಹಿಂದೆ ಅಸಂಖ್ಯ ಮಕ್ಕಳ ಪಾಲಿಗೆ ಅಂಧತ್ವದ ಮೊದಲ ಮೆಟ್ಟಿಲಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧನೆಯ ಆಧಾರದಿಂದ 1970ರಲ್ಲಿ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಈ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ಜಾರಿಗೆ ಬಂತು. ನುಗ್ಗೆಸೊಪ್ಪು, ಹರಿವೆ, ಪಪ್ಪಾಯಿ, ಮಾವಿನಹಣ್ಣುಗಳಲ್ಲಿ ಇದರ ಮೂಲವಸ್ತು ಹೇರಳ. ಸೊಪ್ಪಿಗೆ ಒಂದಿಷ್ಟು ಎಣ್ಣೆಯ ಒಗ್ಗರಣೆ ಬಿದ್ದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಆದರೆ ಗಜ್ಜರಿ ತಿಂದು ಕನ್ನಡಕದ ನಂಬರು ಇಳಿಯಿತೆಂಬುದು ಬರಿಯ ಮಾತು.

ಎಲೆಯಡಿಕೆಯ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಹಿಸುಕಿ ಆಡುವಾಗ ಸುಣ್ಣ ಸಿಡಿದು ದೃಷ್ಟಿ ಕಳೆದುಕೊಂಡ ಮಕ್ಕಳಿದ್ದಾರೆ. ಹಾಗಾದರೆ ಕ್ಷಣವೂ ತಡಮಾಡದೆ ನಲ್ಲಿಯ ನೀರಿನಿಂದ ಅರ್ಧ ಗಂಟೆ ಕಣ್ಣು ತೊಳೆದು, ಸುಣ್ಣದ ಕಣಗಳನ್ನು ತೆಗೆಯಿಸಲು ನೇರವಾಗಿ ಆಸ್ಪತ್ರೆಗೆ ಧಾವಿಸಬೇಕು. ಬೇಸಗೆಯ ಅಲರ್ಜಿಯ ತುರಿಕೆಗೆ ಔಷಧದ ಅಂಗಡಿಯಿಂದ ತಾವಾಗಿಯೇ ತಂದು ಹಾಕುವ ಸ್ಟೀರಾಯ್ಡ್ ಹನಿಗಳು ಕಣ್ಣಿನ ಒತ್ತಡವನ್ನು ಏರಿಸಿ, ನರವನ್ನು ಸದ್ದಿಲ್ಲದೆ ಹಾಳುಮಾಡಬಲ್ಲವು. ಕೆಲವು ಕಾಡಿಗೆಗಳಲ್ಲಿ ಸೀಸವಿರುವುದರಿಂದ ಕೂಸಿಗೆ ದೃಷ್ಟಿಬೊಟ್ಟು ಇಡಲೇಬೇಕೆನ್ನುವವರು ಕಣ್ಣನ್ನು ಬಿಟ್ಟು, ಮನೆಯಲ್ಲಿ ತಯಾರಿಸಿದುದನ್ನೇ ಅಂಗಾಲಿಗೆ ಇಡಬಹುದು.

ಮೂರನೆಯ ವರ್ಷದಲ್ಲಿ ಒಮ್ಮೆ, ಶಾಲೆಗೆ ಸೇರಿಸುವ ಮುನ್ನ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ನಡೆದರೆ ಸಾಕು. ಅಕ್ಷರ ಬಾರದ ಮಕ್ಕಳಿಗೆ ಚಿತ್ರಗಳ ಫಲಕವಿದೆ. ಸರಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಬಡ ಶಾಲಾಮಕ್ಕಳಿಗೆ ಕನ್ನಡಕ ಉಚಿತವಾಗಿಯೂ ದೊರೆಯುತ್ತದೆ. ಮನೆಗೆಲಸದವರ ಮಕ್ಕಳ ವಿಷಯದಲ್ಲಿ ಈ ಮಾಹಿತಿಯನ್ನು ಅವರ ಕಿವಿಗೆ ಹಾಕುವುದು ಒಂದು ನಿಮಿಷದ ಕೆಲಸ.