ಗೋಡೆಗೊಂದು ಗೊರಬು

ಶುಕ್ರವಾರ ರಾತ್ರಿ ಕುಂದಾಪುರ, ಉಡುಪಿ, ಮಂಗಳೂರಿನ ಬಸ್ಸು ಹಿಡಿಯುವವರಲ್ಲಿ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆಯವರು ಬೇಕಾದಷ್ಟು ಮಂದಿ. ನೌಕರಿ ಇಲ್ಲಿ, ಮನಸ್ಸು ಊರಿನಲ್ಲಿ. ಕೆಲವರು ಅಜ್ಜನ ಕಾಲದ ಹೆಂಚಿನ ಮನೆಯನ್ನು ರಿಪೇರಿ ಮಾಡಿಸುತ್ತಿರುತ್ತಾರೆ, ಇನ್ನು ಕೆಲವರು ನಿವೃತ್ತಿಯ ದಿನಗಳಿಗೆಂದು ಅದರ ಪಕ್ಕದಲ್ಲೇ ಹೊಸ ಮನೆ ಎಬ್ಬಿಸುತ್ತಿರುತ್ತಾರೆ. ಮನೆ ಏಳುವುದು ಕಡಲ ತಡಿಯಲ್ಲಿ. ಅದರ ಹೊರಗೋಡೆಗೆ ಏನು ಹೊದಿಸಬೇಕು ಎಂಬ ತೀರ್ಮಾನ ಆಗುವುದು ಮಾತ್ರ ಬೆಂಗಳೂರಿನ ಶೋರೂಮಿನಲ್ಲಿ, ಎದುರುಮನೆಯ ಎಲಿವೇಶನ್ ಕಣ್ಣಲ್ಲಿಟ್ಟುಕೊಂಡು. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರು. ವರ್ಷಕ್ಕೆ ಇಲ್ಲಿ ಬೀಳುವ ಮಳೆ ಹೆಚ್ಚುಕಡಿಮೆ 1,000 ಮಿಲಿಮೀಟರ್. ಅದೂ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹಂಚಿಕೊಂಡು, ಸಂಜೆ ಸುರಿದು ಬೆಳಗ್ಗೆ ಬಿಸಿಲು ಬಿಡುವ ಮಳೆ. ನೆನೆದ ಗೋಡೆಗೆ ಒಣಗಲು ಪುರುಸೊತ್ತು ಸಿಗುತ್ತದೆ. ಮಂಗಳೂರಿನಲ್ಲಿ ಮಳೆ 3,500 ಮಿಲಿಮೀಟರ್ ದಾಟುತ್ತದೆ, ಉಡುಪಿಯಲ್ಲಿ 4,000ದ ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಸುರಿಯುತ್ತದೆ ಎನ್ನುವುದಕ್ಕಿಂತ ಪಡುವಣ ಗಾಳಿ ಅದನ್ನು ಗೋಡೆಗೆ ಎರಚುತ್ತದೆ ಎನ್ನುವುದೇ ಸರಿ. ವಾರಗಟ್ಟಲೆ ಸೂರ್ಯನ ಮುಖ ಕಾಣದ ಆ ದಿನಗಳಲ್ಲಿ ಗೋಡೆ ಒಣಗುವ ಮಾತೇ ಇಲ್ಲ.

ಇದರ ಮೇಲೆ ಉಪ್ಪು. ದಡಕ್ಕೆ ಅಪ್ಪಳಿಸುವ ಅಲೆಯಿಂದ ಎದ್ದ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬಂದು ಗೋಡೆ, ಕಿಟಕಿ, ಮೊಳೆ, ತಗಡು ಎಲ್ಲದರ ಮೇಲೂ ಕೂರುತ್ತವೆ. ದಡದಿಂದ ಮೊದಲ ಕೆಲವು ನೂರು ಮೀಟರ್‌ಗಳಲ್ಲಿ ಇದರ ಕಾಟ ವಿಪರೀತ, ಒಳಗೆ ಹೋದಂತೆ ಬೇಗ ಇಳಿಯುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಅಲ್ಲಿನ ಮನೆಗೂ ದಡದಿಂದ ದೂರದ ಕಾರ್ಕಳದ ಮನೆಗೂ ಒಂದೇ ಸಾಮಾನು ಸಾಕೆಂದರೆ ಆಗದು. ಉಪ್ಪಿಗೆ ಇನ್ನೊಂದು ಗುಣವಿದೆ, ಹಲವರಿಗೆ ಇದು ಹೊಸ ವಿಷಯ. ಮಳೆಗೆ ತೆರೆದುಕೊಂಡ ಭಾಗದ ಉಪ್ಪನ್ನು ಮಳೆಯೇ ತೊಳೆಯುತ್ತದೆ. ಸಜ್ಜಾದ ಅಡಿ, ಮಾಡಿನ ಕೆಳಗು, ಬಾಲ್ಕನಿಯ ಮೂಲೆಯಂಥ ಮಳೆ ತಾಗದ ಜಾಗಗಳಲ್ಲಿ ಉಪ್ಪು ಕೂತಲ್ಲೇ ಕೂತು, ಗಾಳಿಯ ತೇವವನ್ನು ಹೀರಿಕೊಂಡು, ಲೋಹವನ್ನು ತಿನ್ನುತ್ತಾ ಇರುತ್ತದೆ. ಕರಾವಳಿಯ ಮನೆಯಲ್ಲಿ ತುಕ್ಕು ಹುಡುಕಬೇಕಾದರೆ ಕತ್ತೆತ್ತಿ ನೋಡಬೇಕು.

ಹಿಂದಿನವರು ಇದನ್ನೆಲ್ಲ ಹೇಗೆ ನಿಭಾಯಿಸಿದರು? ಮುರಕಲ್ಲಿನ ಗೋಡೆ ಎಬ್ಬಿಸಿದರು. ನೆಲದಿಂದ ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕೆಂಪು ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್, 1807ರಲ್ಲಿ. ಕಲ್ಲಿನ ಮೈತುಂಬ ರಂಧ್ರ, ನೀರು ಕುಡಿಯುತ್ತದೆ. ಆದ್ದರಿಂದ ಕಲ್ಲನ್ನೇ ನೆಚ್ಚಿಕೊಳ್ಳದೆ ಅದರ ಮೇಲೆ ಕಡಿದಾದ ಮಾಡು ಇಳಿಸಿದರು. ಗೋಡೆಯನ್ನು ದಾಟಿ ಮೂರು ನಾಲ್ಕು ಅಡಿ ಮುಂದೆ ಚಾಚುವ ಮಾಡು, ಅದರಡಿ ಜಗಲಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಜಾಗಕ್ಕೆ ಹೆಂಚು ಬಂತು, ಮಾಡಿನ ಚಾಚು ಹಾಗೇ ಉಳಿಯಿತು. ಮಳೆಗಾಲ ಹತ್ತಿರವಾದಾಗ ಪಡುವಣ ದಿಕ್ಕಿಗೆ ತೆಂಗಿನ ಮಡಲು ಹೆಣೆದ ತಟ್ಟಿ ಕಟ್ಟುತ್ತಿದ್ದರು. ಅಡಿಕೆ ಸೀಮೆಯಲ್ಲಾದರೆ ಸೋಗೆಯ ತಟ್ಟಿ. ತಟ್ಟಿ ಗೋಡೆಗೆ ತಾಗುತ್ತಿರಲಿಲ್ಲ, ಒಂದಿಷ್ಟು ದೂರ ನಿಲ್ಲುತ್ತಿತ್ತು. ಎರಚಲಿನ ಹೊಡೆತವೆಲ್ಲ ತಟ್ಟಿಗೆ, ಅದನ್ನು ದಾಟಿ ಬಂದ ನಾಲ್ಕು ಹನಿ ಗಾಳಿಗೆ ಆರಿಹೋಗುತ್ತಿತ್ತು. ಈಗ ಅದೇ ಜಾಗದಲ್ಲಿ ಟಾರ್ಪಾಲು, ಹಸಿರು ಬಲೆ, ಬಣ್ಣದ ಶೀಟು ಕಾಣುತ್ತವೆ.

ನಾಟಿಗೆ ಹೋಗುವ ಹೆಂಗಸರು ತಲೆಯಿಂದ ಸೊಂಟದವರೆಗೆ ಹಾಕಿಕೊಳ್ಳುತ್ತಿದ್ದ ಗೊರಬನ್ನು ನೆನೆದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಬಿದಿರ ಹೆಣಿಗೆಯ ನಡುವೆ ಎಲೆ ಹೊದಿಸಿದ ಆ ಗೊರಬು ಬೆನ್ನಿಗೆ ಅಂಟುವುದಿಲ್ಲ. ಬಾಗಿ ನಿಂತರೆ ನೀರು ಮೇಲಿಂದ ಜಾರುತ್ತದೆ, ಒಳಗೆ ಗಾಳಿ ಆಡುತ್ತದೆ. ಪ್ಲಾಸ್ಟಿಕ್ಕಿನ ರೇನ್‌ಕೋಟು ಹಾಕಿ ಗದ್ದೆಗಿಳಿದವರ ಮೈ ಮಳೆಯಿಂದಲ್ಲದಿದ್ದರೂ ಬೆವರಿನಿಂದ ತೊಯ್ದಿರುತ್ತದೆ. ಕಡಲ ಬದಿಯ ಗೋಡೆಗೆ ಬೇಕಾದದ್ದು ಗೊರಬು. ಇಂದು ಅಂಗಡಿಯಲ್ಲಿ ಸಿಗುವ ಬಹುತೇಕ ಹೊದಿಕೆಗಳನ್ನು ಗೋಡೆಗೆ ರೇನ್‌ಕೋಟಿನ ಹಾಗೆ ಅಂಟಿಸಲಾಗುತ್ತಿದೆ.

ಈ ತಪ್ಪಿಗೆ ಒಂದು ನಗರವೇ ಬೆಲೆ ತೆತ್ತ ಉದಾಹರಣೆ ಕೆನಡಾದ ಪಶ್ಚಿಮ ಕರಾವಳಿಯಲ್ಲಿದೆ. ವ್ಯಾಂಕೂವರಿನಲ್ಲಿ 1980 ಮತ್ತು 90ರ ದಶಕಗಳಲ್ಲಿ ಸಾಲುಸಾಲಾಗಿ ಎದ್ದ ವಸತಿ ಸಮುಚ್ಚಯಗಳಿಗೆ ಮಾಡಿನ ಚಾಚೂ ಇರಲಿಲ್ಲ, ಹೊದಿಕೆಯ ಹಿಂದೆ ಗಾಳಿ ಆಡುವ ಸಂದೂ ಇರಲಿಲ್ಲ. ಒಳಹೊಕ್ಕ ಮಳೆನೀರು ಹೊರಬರಲಾರದೆ ಗೋಡೆಯೊಳಗಿನ ಮರ ಕೊಳೆಯಿತು. ಹೊರಗೆ ಬಣ್ಣ ಮಾತ್ರ ನೆಟ್ಟಗಿತ್ತು. ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದ ಮೇಲೆ ಆ ಪ್ರಾಂತ್ಯದ ಮಾಜಿ ಪ್ರೀಮಿಯರ್ ಡೇವ್ ಬ್ಯಾರೆಟ್ ನೇತೃತ್ವದ ಆಯೋಗ 1998ರಲ್ಲಿ ವಿಚಾರಣೆ ನಡೆಸಿತು. ಹೊದಿಕೆಗೂ ಗೋಡೆಗೂ ನಡುವೆ ಸಂದು ಬಿಡುವ ಪದ್ಧತಿ ಅಲ್ಲಿ ಬೇರೂರಿದ್ದು ಆ ಪಾಠದ ನಂತರ. ನಮ್ಮ ಗೋಡೆ ಕಲ್ಲಿನದು, ಕೊಳೆಯುವುದಿಲ್ಲ ಎಂದು ಸಮಾಧಾನ ಪಡುವ ಹಾಗಿಲ್ಲ. ನಮ್ಮಲ್ಲಿ ಕೊಳೆಯುವುದು ಕಾಂಕ್ರೀಟಿನೊಳಗಿನ ಕಬ್ಬಿಣ. ಕಂಬಿಯ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಊದಿಕೊಂಡು ಸಿಮೆಂಟನ್ನು ಒಳಗಿನಿಂದ ಸೀಳುತ್ತದೆ.

ಹಾಗಾಗಿ ಹೊದಿಕೆಯ ಬಣ್ಣ ಆರಿಸುವ ಮೊದಲೇ ಕೇಳಬೇಕಾದ ಪ್ರಶ್ನೆಗಳಿವೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಕರಾವಳಿಯ ಗಾಳಿಗೆ ತೆರೆದ ಕಾಂಕ್ರೀಟು ‘ತೀವ್ರ’ ವರ್ಗಕ್ಕೆ ಸೇರುತ್ತದೆ. ಅದಕ್ಕೆ ಕನಿಷ್ಠ ಎಂ30 ದರ್ಜೆಯ ಕಾಂಕ್ರೀಟು, ಕಂಬಿಯ ಮೇಲೆ 45 ಮಿಲಿಮೀಟರ್ ಕವರ್ ಬೇಕು. ಬೆಂಗಳೂರಿನ ಸಾಧಾರಣ ಮನೆಗಳಲ್ಲಿ ಮೇಸ್ತ್ರಿಗಳಿಗೆ ರೂಢಿಯಾದದ್ದು ಎಂ20, ಕವರು ಅದರ ಅರ್ಧ. ಅದೇ ಅಳತೆಯನ್ನು ಬೈಂದೂರಿಗೆ ಒಯ್ದರೆ ಮೇಲೆ ಎಂಥ ಹೊದಿಕೆ ಹಾಕಿದರೂ ಪ್ರಯೋಜನವಿಲ್ಲ. ಗಾರೆಯ ಮರಳನ್ನೂ ನೋಡಬೇಕು. ಅಳಿವೆಯ ಹತ್ತಿರ ತೆಗೆದ ಮರಳಿನಲ್ಲಿ ಉಪ್ಪಿರುತ್ತದೆ, ಸಿಹಿನೀರಿನಲ್ಲಿ ತೊಳೆಯದೆ ಬಳಸಿದರೆ ಗೋಡೆಗೆ ನಾವೇ ಉಪ್ಪು ಹಚ್ಚಿದಂತೆ.

ಇನ್ನು ಅಂಗಡಿಯ ಸಾಮಾನು. ಜಯನಗರದ ಬೀದಿಗಳಲ್ಲಿ ಈಗ ಹೆಚ್ಚು ಕಾಣುವುದು ಮರದ ಗೆರೆಯಿರುವ ಎಚ್‌ಪಿಎಲ್ ಹಲಗೆ. ರಾಳದಲ್ಲಿ ಅದ್ದಿದ ಕಾಗದದ ಪದರಗಳನ್ನು ಬಿಸಿ ಮತ್ತು ಒತ್ತಡದಲ್ಲಿ ಒತ್ತಿ ಮಾಡಿದ್ದು. ಕಪಾಟಿಗೆ ಅಂಟಿಸುವ 1 ಮಿಲಿಮೀಟರಿನ ಸನ್‌ಮೈಕಾವೂ ಇದೇ ಜಾತಿ, ಆದರೆ ಹೊರಗೋಡೆಗೆ ಬೇಕಾದದ್ದು 6 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ, ಬಿಸಿಲಿಗೆಂದೇ ತಯಾರಾದ ಹಲಗೆ. ಉಪ್ಪು ಇದನ್ನು ಏನೂ ಮಾಡದು. ಹಲಗೆಯನ್ನು ಹೊತ್ತ ಹಿಂಬದಿಯ ಚೌಕಟ್ಟು ಉಳಿಯುತ್ತದೆಯೇ ಎನ್ನುವುದೇ ಪ್ರಶ್ನೆ. ಸಿಮೆಂಟಿಗೆ ನಾರು ಬೆರೆಸಿ ಮಾಡಿದ ಫೈಬರ್ ಸಿಮೆಂಟ್ ಹಲಗೆಗೆ ಗೆದ್ದಲು, ಉಪ್ಪು, ಬೆಂಕಿ ಯಾವುದರ ಭಯವೂ ಇಲ್ಲ. ಕೊಯ್ದ ಅಂಚು ಮಾತ್ರ ನೀರು ಹೀರುತ್ತದೆ. ಸೈಟಿನಲ್ಲಿ ಕೊಯ್ದ ಪ್ರತಿಯೊಂದು ಅಂಚಿಗೂ ಪ್ರೈಮರ್ ಬಳಿಯಲೇಬೇಕು, ಕೆಲಸಗಾರರು ಹೆಚ್ಚಾಗಿ ಬಿಟ್ಟುಬಿಡುವುದು ಇದನ್ನೇ. ಕರಾವಳಿಯ ಸಾಧಾರಣ ಮನೆಗೆ ಖರ್ಚು ಬಾಳಿಕೆ ಎರಡನ್ನೂ ತೂಗಿದರೆ ಫೈಬರ್ ಸಿಮೆಂಟೇ ಮೇಲು.

ಡಬ್ಲ್ಯುಪಿಸಿ ಎಂದು ಕರೆಯುವ, ಮರದ ಪುಡಿ ಪ್ಲಾಸ್ಟಿಕ್ ಬೆರೆಸಿದ ಪಟ್ಟಿ ಬಿಸಿಲಿಗೆ ಉದ್ದವಾಗುತ್ತದೆ. ತುದಿಗಳಲ್ಲಿ ಜಾಗ ಬಿಡದೆ ಒತ್ತಿ ಕೂರಿಸಿದರೆ ಏಪ್ರಿಲ್‌ನಲ್ಲಿ ಹೊಟ್ಟೆ ಉಬ್ಬುತ್ತದೆ. ಪಾಲಿಎಥಿಲೀನ್ ತಿರುಳಿನ ಅಲ್ಯೂಮಿನಿಯಂ ಶೀಟು ವಾಸದ ಮನೆಗೆ ಬೇಡವೇ ಬೇಡ. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 72 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಕಟ್ಟಡದ ಮೈತುಂಬ ಹಬ್ಬಿದ್ದು ಅಂಥದೇ ಹೊದಿಕೆಯ ಮೇಲೆ. ತಗಡಿನ ಶೀಟೇ ಬೇಕೆಂದರೆ ಬರಿ ಜಿಂಕಿನ ಲೇಪಕ್ಕಿಂತ 55 ಶೇಕಡ ಅಲ್ಯೂಮಿನಿಯಂ ಬೆರೆತ ಗಾಲ್ವಾಲ್ಯೂಮ್ ಲೇಪ ಹೆಚ್ಚು ಬಾಳುತ್ತದೆ. ವಾರಂಟಿ ಪತ್ರದಲ್ಲಿ ಕಡಲಿನಿಂದ ಇಷ್ಟು ದೂರದೊಳಗೆ ಅನ್ವಯಿಸದು ಎಂಬ ಸಾಲು ಇದೆಯೇ ಎಂದು ಹಣ ಕೊಡುವ ಮೊದಲು ಓದಬೇಕು.

ಬೆಂಗಳೂರಿನಲ್ಲಿ ಮುರಕಲ್ಲನ್ನೇ ತೆಳ್ಳಗೆ ಕೊಯ್ದು ಟೈಲಿನಂತೆ ಅಂಟಿಸುವುದೂ ನಡೆದಿದೆ. ಇಲ್ಲಿನ ಹವೆಗೆ ಅದು ಚೆನ್ನಾಗಿಯೇ ಬಾಳುತ್ತದೆ. ಆದರೆ ಊರಿನ ಮುರಕಲ್ಲಿನ ಗೋಡೆಗೆ ಸಿಮೆಂಟು ಗಾರೆ ಮಾಡಿ, ಅದರ ಮೇಲೆ ಮತ್ತೆ ಮುರಕಲ್ಲಿನ ಟೈಲು ಅಂಟಿಸಿದರೆ ನೆನೆದ ಟೈಲಿನ ಹಿಂದೆ ನೀರು ನಿಂತು ಪಾಚಿ ಹಿಡಿಯುತ್ತದೆ.

ಎಲ್ಲಕ್ಕಿಂತ ಚಿಕ್ಕ ಸಾಮಾನು ಸ್ಕ್ರೂ. ಹೊದಿಕೆಯ ಆಯಸ್ಸು ನಿಂತಿರುವುದು ಇದರ ಮೇಲೆಯೇ. ಮಾಮೂಲಿ ಸ್ಕ್ರೂ ಹಾಕಿದ ಹಲಗೆಯಲ್ಲಿ ಎರಡನೆಯ ಮಳೆಗಾಲಕ್ಕೇ ಪ್ರತಿ ತಲೆಯಡಿಯಿಂದ ಕಂದು ಗೆರೆಯೊಂದು ಕಣ್ಣೀರಿನಂತೆ ಇಳಿದಿರುತ್ತದೆ. ಸ್ಟೇನ್‌ಲೆಸ್ ಎಂದರಷ್ಟೇ ಸಾಲದು. ಅಡುಗೆಮನೆಯ ಪಾತ್ರೆಯ 304 ದರ್ಜೆ ಕಡಲ ಉಪ್ಪಿಗೆ ಸೋಲುತ್ತದೆ. 2ರಿಂದ 3 ಶೇಕಡ ಮಾಲಿಬ್ಡಿನಮ್ ಸೇರಿದ 316 ದರ್ಜೆ ತಡೆದುಕೊಳ್ಳುತ್ತದೆ. ಕಣ್ಣಿಗೆ ಎರಡೂ ಒಂದೇ, ಅಯಸ್ಕಾಂತ ಹಿಡಿದೂ ಪತ್ತೆ ಮಾಡಲಾಗದು. ಒಳ್ಳೆಯ ಬೋಲ್ಟಿನ ತಲೆಯನ್ನು ಬೆಳಕಿಗೆ ಹಿಡಿದರೆ ಅಚ್ಚು ಕಾಣುತ್ತದೆ: ಎ2 ಎಂದಿದ್ದರೆ 304ರ ಜಾತಿ, ಎ4 ಎಂದಿದ್ದರೆ 316ರದು. ಬಿಲ್ಲಿನ ಮೇಲೂ ಅದನ್ನೇ ಬರೆಸಿಕೊಳ್ಳಬೇಕು. ಒಂದು ಮನೆಗೆ ಬೇಕಾಗುವ ಸ್ಕ್ರೂಗಳಲ್ಲಿ ಉಳಿಸಿದ ದುಡ್ಡು ಇಡೀ ಹೊದಿಕೆ ಬಿಚ್ಚಿಸುವ ಖರ್ಚಿನ ಮುಂದೆ ಯಾವ ಲೆಕ್ಕಕ್ಕೂ ಬಾರದು.

ಕೂರಿಸುವ ಕ್ರಮ ಗೊರಬಿನದೇ. ಗಾರೆಯಾದ ಗೋಡೆಗೆ ಮೊದಲು ನೀರು ತಡೆಯುವ ಲೇಪ. ಅದರ ಮೇಲೆ ಅಲ್ಯೂಮಿನಿಯಂ ಪಟ್ಟಿಗಳನ್ನು ಮೇಲಿಂದ ಕೆಳಕ್ಕೆ ನಿಲ್ಲಿಸಬೇಕು, ಅಡ್ಡ ಕೂರಿಸಿದರೆ ಇಳಿಯುವ ನೀರಿಗೆ ಕಟ್ಟೆ ಕಟ್ಟಿದಂತಾಗುತ್ತದೆ. ಗೋಡೆಗೂ ಹಲಗೆಗೂ ನಡುವೆ ಒಂದು ಇಂಚಿನಷ್ಟು ಸಂದು. ಸಂದಿನ ಕೆಳಬಾಯಿ ಮೇಲ್ಬಾಯಿ ಎರಡೂ ತೆರೆದಿರಬೇಕು, ಇಲಿ ಜಿರಲೆ ನುಗ್ಗದಂತೆ ಜಾಳಿಗೆ ಇದ್ದರೆ ಸಾಕು. ಹಲಗೆ ನೆಲದಿಂದ ಅರ್ಧ ಅಡಿಯಾದರೂ ಮೇಲೆ ನಿಲ್ಲಬೇಕು, ಇಲ್ಲದಿದ್ದರೆ ಅಂಗಳದಿಂದ ಸಿಡಿದ ಕೆಂಪು ನೀರೇ ಅದನ್ನು ತಿನ್ನುತ್ತದೆ. ಸ್ಕ್ರೂವಿನ ತೂತು ಸ್ಕ್ರೂಗಿಂತ ಸ್ವಲ್ಪ ದೊಡ್ಡದಿರಲಿ, ಹಿಗ್ಗಿ ಕುಗ್ಗುವ ಹಲಗೆಗೆ ಅಷ್ಟು ಸಡಿಲ ಬೇಕು. ಕೊನೆಯ ದಿನ ಅಚ್ಚುಕಟ್ಟಾಗಿ ಕಾಣಲೆಂದು ಕೆಳಗಿನ ಸಂದಿಗೆ ಸಿಲಿಕೋನ್ ತುಂಬಿಸುವವರಿದ್ದಾರೆ. ಅಷ್ಟಾದರೆ ಗೊರಬು ಮತ್ತೆ ರೇನ್‌ಕೋಟು.

ದಕ್ಷಿಣ ಬೆಂಗಳೂರಿನ ಮನೆಗಳಿಗೂ ಈ ಲೆಕ್ಕಾಚಾರದಲ್ಲಿ ಕಲಿಯುವುದಿದೆ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರದ ಹಳೆಯ ಮನೆಗಳಲ್ಲಿ ಕಿಟಕಿಯ ಮೇಲೆ ಅಗಲವಾದ ಸಜ್ಜಾ ಇರುತ್ತಿತ್ತು. ಬಸವನಗುಡಿಯ ಇನ್ನೂ ಹಳೆಯ ಬಂಗಲೆಗಳ ಕಿಟಕಿಗೆ ಮರದ ಪಟ್ಟಿಗಳ ಮಂಕಿ ಟಾಪು ಇತ್ತು. ಇವೂ ಒಂದು ಬಗೆಯ ಗೊರಬೇ. ಸಜ್ಜಾದ ಅಡಿಯಲ್ಲಿ, ಅಂಚಿನ ಹತ್ತಿರ, ಬೆರಳು ತೂರುವಷ್ಟು ಅಗಲದ ಗೆರೆಯೊಂದನ್ನು ಹಳೆಯ ಮೇಸ್ತ್ರಿಗಳು ಮರೆಯದೆ ಎಳೆಯುತ್ತಿದ್ದರು. ಡ್ರಿಪ್ ಮೋಲ್ಡ್ ಎಂದು ಅದಕ್ಕೆ ಹೆಸರು. ಮಳೆಯಲ್ಲಿ ನಿಂತು ನೋಡಿದರೆ ಅದರ ಕೆಲಸ ಕಾಣುತ್ತದೆ: ಅಂಚು ದಾಟಿದ ಹನಿ ಅಡಿಗೆ ಅಂಟಿಕೊಂಡೇ ಗೋಡೆಯ ಕಡೆ ತೆವಳುತ್ತದೆ, ಗೆರೆ ಸಿಕ್ಕಲ್ಲಿ ತಡೆಯುತ್ತದೆ, ಭಾರವಾಗುತ್ತದೆ, ಬೀಳುತ್ತದೆ. ಗೋಡೆ ಒಣಗಿಯೇ ಉಳಿಯುತ್ತದೆ. ಇಂದಿನ ಪೆಟ್ಟಿಗೆಯಾಕಾರದ ಮನೆಗಳಲ್ಲಿ ಸಜ್ಜಾವೂ ಇಲ್ಲ, ಗೆರೆಯೂ ಇಲ್ಲ. ಬಿಟಿಎಂ ಲೇಔಟಿನ ಇಕ್ಕಟ್ಟಾದ ಸೈಟುಗಳಲ್ಲಂತೂ ಪಕ್ಕದ ಮನೆಯ ಗೋಡೆಗೂ ತಮ್ಮದಕ್ಕೂ ನಡುವೆ ಕೈ ತೂರಲು ಜಾಗವಿಲ್ಲದೆ, ಆ ಬದಿ ಗಾರೆಯೇ ಕಾಣದೆ ಉಳಿದುಬಿಡುತ್ತದೆ. ಎದುರಿನ ಗೋಡೆಗೆ ಲಕ್ಷಗಳ ಹಲಗೆ, ಪಕ್ಕದ ಗೋಡೆಯಿಂದ ಮಲಗುವ ಕೋಣೆಗೆ ತೇವ. ಆ ದುಡ್ಡಿನ ಒಂದು ಪಾಲು ಪಕ್ಕದ ಗೋಡೆಗೆ ಮೊದಲೇ ಹೋಗಬೇಕಿತ್ತು.

ಊರಿನ ಮನೆಗೆ ಹೊದಿಕೆ ಹಾಕಿಸಲು ಸರಿಯಾದ ಕಾಲ ದೀಪಾವಳಿ ಕಳೆದ ಮೇಲೆ. ಮಳೆಗಾಲದ ನೀರು ಕುಡಿದ ಗೋಡೆಗೆ ಒಣಗಲು ಒಂದೆರಡು ತಿಂಗಳು ಬಿಟ್ಟು, ಫೆಬ್ರವರಿ ಮಾರ್ಚಿನಲ್ಲಿ ಕೆಲಸ ಮುಗಿಸಿದರೆ ಹದ. ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮೊದಲು ಗೋಡೆಯ ನೆತ್ತಿಗೆ ಪೈಪು ಹಿಡಿದು ಕಾಲು ಗಂಟೆ ನೀರು ಬಿಡಿಸಬೇಕು, ಆಮೇಲೆ ಕೆಳಗೆ ಕೂತು ಹಲಗೆಯ ಹಿಂದಿನ ಸಂದಿಗೆ ಬೆರಳು ತೂರಿಸಬೇಕು. ಗೋಡೆಯ ಮೈ ಒಣಗಿದ್ದು, ಹಲಗೆಯ ಬೆನ್ನಿನಿಂದ ನೀರು ತಡೆಯಿಲ್ಲದೆ ಅಂಗಳಕ್ಕೆ ತೊಟ್ಟಿಕ್ಕುತ್ತಿದ್ದರೆ ಹಣ ಕೊಡಬಹುದು.