ಮಾಂಸ ಬದಿಗಿಟ್ಟು ಅನ್ನ ತಿಂದರೆ ಸಾಕೇ?

ಟೋಕಿಯೋದಲ್ಲಿ ಕೆಲಸಕ್ಕಿರುವ ನಮ್ಮ ಜಮಾಅತ್‌ನ ಯುವಕನೊಬ್ಬ ಫೋನ್ ಮಾಡಿ ಕೇಳಿದ: "ಉಸ್ತಾದ್, ಮಧ್ಯಾಹ್ನ ಜೊತೆಯವರೆಲ್ಲ ಗ್ಯೂಡೊನ್ ಹೋಟೆಲಿಗೆ ಹೋಗುತ್ತಾರೆ. ನಾನು ಮಾಂಸ ಬದಿಗಿಟ್ಟು ಅನ್ನ ಮಾತ್ರ ತಿನ್ನುತ್ತೇನೆ. ಪರವಾಗಿಲ್ಲವೇ?" ಗಲ್ಫ್‌ಗೆ ಹೋದವರಿಗೆ ಈ ಚಿಂತೆ ಅಷ್ಟಾಗಿ ಇರಲಿಲ್ಲ. ಈಗ ಮಕ್ಕಳು ದೂರದ ದೇಶಗಳಿಗೂ ಹೋಗುತ್ತಿದ್ದಾರೆ. ಆದ್ದರಿಂದ ಜುಮಾದಲ್ಲಿ ಇದನ್ನೇ ವಿವರಿಸಿದೆ.

ಬಟ್ಟಲಿನ ಬಿಸಿ ಅನ್ನದ ಮೇಲೆ ಪದಾರ್ಥ ಹಾಕಿಕೊಡುವ ಊಟಕ್ಕೆ ಜಪಾನೀಯರು ಡೊನ್‌ಬುರಿ ಎನ್ನುತ್ತಾರೆ. ತೆಳ್ಳಗಿನ ದನದ ಮಾಂಸ, ಈರುಳ್ಳಿ ಇದ್ದರೆ ಗ್ಯೂಡೊನ್. ಕೋಳಿ, ಮೊಟ್ಟೆ ಇದ್ದರೆ ಒಯಾಕೊಡೊನ್. ಕರಿದ ಹಂದಿಮಾಂಸ ಇದ್ದರೆ ಕತ್ಸುಡೊನ್. 1899ರಲ್ಲಿ ಟೋಕಿಯೋದ ನಿಹೊನ್‌ಬಾಶಿ ಮೀನು ಮಾರುಕಟ್ಟೆಯಲ್ಲಿ ಆರಂಭವಾದ ಯೊಶಿನೊಯಾ ಗ್ಯೂಡೊನ್‌ಗೆ ಹೆಸರಾದ ಹೋಟೆಲ್. ಊಟ ಅಗ್ಗ, ಬೇಗ ಸಿಗುತ್ತದೆ. ಹೀಗಾಗಿ ದುಡಿಯುವವರೂ ವಿದ್ಯಾರ್ಥಿಗಳೂ ಅಲ್ಲಿಗೆ ಹೋಗುತ್ತಾರೆ.

ತೊಡಕು ಎರಡು. ಒಂದು, ಸಾಮಾನ್ಯ ಹೋಟೆಲಿನ ಮಾಂಸ ಇಸ್ಲಾಮೀ ವಿಧಾನದಲ್ಲಿ ಝಬಹ್ ಆದದ್ದೆಂಬ ಖಾತ್ರಿಯಿಲ್ಲ. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ. ಮಾಂಸ ಬೇಯಿಸುವ ಸಾರಿಗೆ ಸೋಯಾ ಸಾಸ್, ಸಕ್ಕರೆಯ ಜೊತೆ ಸಾಮಾನ್ಯವಾಗಿ ಸಾಕೆ ಅಥವಾ ಮಿರಿನ್ ಹಾಕುತ್ತಾರೆ. ಸಾಕೆ ಅಕ್ಕಿಯ ಮದ್ಯ. ಮಿರಿನ್ ಅಡುಗೆಯ ಸಿಹಿ ಮದ್ಯ. ಅಸಲಿ ಮಿರಿನ್‌ನಲ್ಲಿ ಆಲ್ಕೋಹಾಲ್ ಸುಮಾರು ಶೇ. 14. ಮಾಂಸವನ್ನೇನೋ ಬದಿಗಿಡಬಹುದು, ಅನ್ನಕ್ಕೆ ಇಳಿದ ಸಾರನ್ನು ಹೇಗೆ ಬದಿಗಿಡುವುದು?

"ಕುದಿಸಿದರೆ ಆಲ್ಕೋಹಾಲ್ ಹಾರಿಹೋಗುತ್ತದಲ್ಲ?" ಎಂದು ಕೇಳುವವರಿದ್ದಾರೆ. ಪೂರ್ತಿ ಹೋಗುವುದಿಲ್ಲ. ಹೋದರೂ, ಮದ್ಯವನ್ನು ಬೇಕೆಂದೇ ಅಡುಗೆಗೆ ಸುರಿಯುವುದು ನಮಗೆ ಸಲ್ಲದು. ಸೋಯಾ ಸಾಸ್ ಹುದುಗುವಾಗ ತಾನಾಗಿ ಹುಟ್ಟುವ ಅಲ್ಪಾಂಶದ ಮಾತು ಬೇರೆ. ಅದಕ್ಕೆ ಅನೇಕ ಉಲಮಾಗಳು ರಿಯಾಯಿತಿ ನೀಡಿದ್ದಾರೆ.

ನಿರ್ಬಂಧಕ್ಕೊಳಗಾದವನಿಗೆ ಸೂರಃ ಅಲ್‌ಬಕರದ 173ನೇ ವಚನ ವಿನಾಯಿತಿ ನೀಡುತ್ತದೆ ನಿಜ. ಅದು ಬೇರೆ ಆಹಾರವೇ ಸಿಗದವನಿಗೆ. ಅಂಥ ಹೋಟೆಲುಗಳಲ್ಲೇ ಬರಿ ಅನ್ನ, ಮೊಟ್ಟೆ ಪ್ರತ್ಯೇಕವಾಗಿ ಸಿಗುತ್ತವೆ. ಬೆಳಗಿನ ಊಟಕ್ಕೆ ಸುಟ್ಟ ಮೀನೂ ಇರುತ್ತದೆ. ಹಸಿ ಮೀನಿನ ಬಟ್ಟಲು ಕೈಸೆನ್‌ಡೊನ್. ಅದರಲ್ಲಿ ಕಣವೆ, ಅಷ್ಟಪದಿ ಇದ್ದರೆ ಕರಾವಳಿಯ ನಮ್ಮ ಶಾಫಿಈಗಳಿಗೆ ಅಡ್ಡಿಯಿಲ್ಲ, ಹನಫೀಗಳಿಗೆ ಸಲ್ಲದು. ಯಾವುದಕ್ಕೂ ಮೊದಲು ಕೇಳಬೇಕು: "ಮಿರಿನ್ ಹೈತ್ತೆ ಇಮಾಸು ಕಾ?" ಅಂದರೆ, ಮಿರಿನ್ ಹಾಕಿದ್ದೀರಾ? ಸಂಶಯವಿದ್ದುದನ್ನು ಬಿಟ್ಟವನು ತನ್ನ ದೀನನ್ನು ಕಾಪಾಡಿಕೊಂಡನೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ದಿನ ತಿಂದದ್ದು?" ಎಂದ. ತಿಳಿಯದೆ ಆದದ್ದು, ತೌಬಾ ಮಾಡು, ಅಲ್ಲಾಹನು ಕ್ಷಮಿಸುವವನು ಎಂದೆ. ಜೊತೆಯವರನ್ನು ಬಿಟ್ಟು ಒಂಟಿಯಾಗಬೇಡ, ಕಾರಣವನ್ನು ನಾಚದೆ ಹೇಳು ಎಂದೂ ತಿಳಿಸಿದೆ. ಮುಂದಿನ ವಾರ ಮತ್ತೆ ಫೋನ್ ಬಂತು. ಈಗ ಜೊತೆಯವನೊಬ್ಬ ತಾನೇ ಮೆನು ಓದಿ, ಹೋಟೆಲಿನವರನ್ನು ವಿಚಾರಿಸಿ ಹೇಳುತ್ತಾನಂತೆ. ಇಷ್ಟು ದಿನ ಅಡ್ಡವಾಗಿದ್ದದ್ದು ನಮ್ಮ ಹುಡುಗನ ಸಂಕೋಚ ಮಾತ್ರ.

ತಾಯಂದಿರೇ, ತಂದೆಯಂದಿರೇ, ಫೋನಿನಲ್ಲಿ "ಊಟ ಆಯ್ತಾ?" ಎಂದಷ್ಟೇ ಕೇಳಿ ಬಿಡಬೇಡಿ. "ಏನು ಊಟ?" ಎಂದೂ ಕೇಳಿ. ಗದರಬೇಡಿ; ಗದರಿದರೆ ಮುಂದಿನ ಬಾರಿ ನಿಜ ಹೇಳಲಿಕ್ಕಿಲ್ಲ.

ಅಲ್ಲಾಹನು ನಮ್ಮ ಮಕ್ಕಳಿಗೆ ಎಲ್ಲಿದ್ದರೂ ಹಲಾಲ್ ಅನ್ನವನ್ನು ಕರುಣಿಸಲಿ. ಆಮೀನ್.