ಕಿತ್ತ ಹಲ್ಲು ತಿರುಗಿ ಬರೂದಿಲ್ರೀ!

ಹತ್ತಿಮತ್ತೂರು: ಸವಣೂರಿಗೆ ಹೊರಟ ಮುಂಜಾನೆಯ ಬಸ್ಸು. ಕೆನ್ನೆಗೆ ಟವೆಲ್ ಒತ್ತಿಕೊಂಡ ಯಜಮಾನರೊಬ್ಬರು ಕಿಟಕಿ ಪಕ್ಕ ಕೂತಿದ್ದಾರೆ. ಬಸ್ಸು ಗುಂಡಿಗೆ ಇಳಿದಾಗೊಮ್ಮೆ ಅವರ ಮುಖ ಕಿವುಚುತ್ತದೆ.

‘ಏನ್ರೀ, ಹಲ್ಲೇನು?’

‘ಹೂಂರೀ. ಮೂರು ರಾತ್ರಿ ಆತು, ಕಣ್ಣು ಮುಚ್ಚಿಲ್ಲ. ಇವತ್ತ ಕೀಳಿಸಿ ಒಗದುಬಿಡೂದು.’

ಅಷ್ಟೇ ಸಾಕು, ಇಡೀ ಬಸ್ಸು ವೈದ್ಯರಾಯಿತು. ಒಬ್ಬರು ಲವಂಗ ಎಂದರು. ಇನ್ನೊಬ್ಬರು ಉಪ್ಪುನೀರು ಎಂದರು. ಹಿಂದಿನ ಸೀಟಿನ ಅಜ್ಜಿ ತಂಬಾಕಿನ ಎಸಳು ಇಡಲು ಹೇಳಿದರು. ಆದರೆ ಕೊನೆಗೆ ಎಲ್ಲರ ತೀರ್ಪೂ ಒಂದೇ: ‘ಕೀಳಿಸಿಬಿಡ್ರೀ, ಪೀಡಾ ಹೋಗತೈತಿ.’

‘ಹಲ್ಲು ಉಳಿಸಾಕ ಬರತೈತೇನು?’ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಇವತ್ತಿನ ಈ ಬರಹ ಆ ಒಂದು ಪ್ರಶ್ನೆಗಾಗಿ.

ಬರೆಯುವವನಿಗೇನು ಗೊತ್ತು ಎಂದೀರಿ. ನಿಜ, ನಾನು ಪಿಯುಸಿ ಅರ್ಧಕ್ಕೇ ಬಿಟ್ಟವನು, ಡಾಕ್ಟರಲ್ಲ. ಆದರೆ ನನ್ನ ಕೆಳದವಡೆಯ ಬಲಕ್ಕೆ ಒಂದು ಸಂದು ಇದೆ. ಒಂಬತ್ತನೇ ವಯಸ್ಸಿನಲ್ಲಿ ಅಲ್ಲಿಯ ಹಲ್ಲು ಹುಳುಕಾಗಿತ್ತು. ‘ಹಾಲುಹಲ್ಲು, ಹೋದರ ಮತ್ತ ಬರತೈತಿ’ ಎಂದು ಮನೆಯಲ್ಲಿ ಕೀಳಿಸಿದರು. ಮೂವತ್ತು ದಾಟಿದೆ, ಇನ್ನೂ ಬಂದಿಲ್ಲ. ಪಕ್ಕದ ಹಲ್ಲು ವಾಲಿ ಆ ಜಾಗಕ್ಕೆ ಒರಗಿದೆ. ಶೇಂಗಾ ತಿನ್ನುವಾಗೆಲ್ಲ ನೆನಪಾಗುತ್ತದೆ.

ಆರು ವರ್ಷದ ಹಲ್ಲು

ತಾಯಂದಿರು ಇದೊಂದು ಮಾತು ನೆನಪಿಡಬೇಕು. ಮಗುವಿಗೆ ಆರು ವರ್ಷ ಆಗುವ ಹೊತ್ತಿಗೆ ಹಾಲು ದವಡೆಹಲ್ಲುಗಳ ಹಿಂದೆ, ಮೇಲೆ ಎರಡು ಕೆಳಗೆ ಎರಡು, ದೊಡ್ಡ ಹಲ್ಲುಗಳು ಬರುತ್ತವೆ. ಇವು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಇವೂ ಹಾಲುಹಲ್ಲೇ ಎಂದುಕೊಳ್ಳುತ್ತಾರೆ. ಆದರೆ ಇವು ಜನ್ಮಕ್ಕೆಲ್ಲ ಇರಬೇಕಾದ ಹಲ್ಲು. ಊಟ ಅಗಿಯುವ ಹೆಚ್ಚಿನ ಭಾರ ಇವುಗಳ ಮೇಲೆ. ಮೇಲ್ಮೈ ತುಂಬ ಗೀರು, ಗುಳಿ. ಪೆಪ್ಪರಮೆಂಟು, ಬಿಸ್ಕತ್ತಿನ ಚೂರು ಅಲ್ಲೇ ಸಿಕ್ಕಿಕೊಂಡು, ಹುಳುಕು ಮೊದಲು ಹಿಡಿಯುವುದೂ ಇವಕ್ಕೇ. ನನ್ನದು ಹೋದದ್ದೂ ಇದೇ ಹಲ್ಲು.

ಹುಳ ಎಲ್ಲಿದೆ?

ಹುಳುಕು ಅಂದರೆ ಹುಳ ಅನ್ನುವ ನಂಬಿಕೆ ಹಳೆಯದು. ನೆಲಗುಳ್ಳದ ಬೀಜ ಕೆಂಡಕ್ಕೆ ಹಾಕಿ, ಹೊಗೆ ಬಾಯಿಗೆ ಹಿಡಿದು ‘ಹುಳ’ ಬೀಳಿಸುವವರನ್ನು ಸಂತೆಯಲ್ಲಿ ನೋಡಿದವರಿದ್ದಾರೆ. ಬಿದ್ದದ್ದು ಹುಳ ಅಲ್ಲ ಸ್ವಾಮಿ, ಬಿಸಿಗೆ ಸಿಡಿದ ಬೀಜದ ಒಳಗಿನ ಮೊಳಕೆ! ಈ ಹುಳದ ಕಥೆ ನಮ್ಮಲ್ಲಷ್ಟೇ ಅಲ್ಲ, ಯುರೋಪಿನಲ್ಲೂ ಇತ್ತು. 1728ರಲ್ಲಿ ಫ್ರಾನ್ಸಿನ ದಂತವೈದ್ಯ ಪಿಯರ್ ಫೋಶಾರ್ ತಮ್ಮ ದೊಡ್ಡ ಗ್ರಂಥದಲ್ಲಿ ಅದನ್ನು ತಳ್ಳಿಹಾಕಿದರು. 1890ರಲ್ಲಿ ಮಿಲ್ಲರ್ ಎಂಬ ವಿಜ್ಞಾನಿ ಅಸಲು ಕಾರಣ ಬರೆದರು. ಬಾಯೊಳಗಿನ ಸೂಕ್ಷ್ಮ ಜೀವಿಗಳು ಸಕ್ಕರೆ ತಿಂದು ಹುಳಿ ಮಾಡುತ್ತವೆ, ಆ ಹುಳಿ ಹಲ್ಲಿನ ಸುಣ್ಣವನ್ನು ಕರಗಿಸುತ್ತದೆ.

ಅಂಗಡಿಯವರಿಗೆ ಈ ಲೆಕ್ಕ ಬೇಗ ತಿಳಿದೀತು. ಸಕ್ಕರೆ ಬಾಯಿಗೆ ಹೋದ ಪ್ರತಿಸಲ ಹಲ್ಲಿನ ಖಾತೆಯಿಂದ ಸ್ವಲ್ಪ ಸುಣ್ಣ ಖರ್ಚು. ಬಿಡುವು ಸಿಕ್ಕಾಗ ಜೊಲ್ಲು ಅದನ್ನು ಮತ್ತೆ ಜಮಾ ಮಾಡುತ್ತದೆ. ಗಲ್ಲೆಯ ಮುಂದೆ ಕೂತು ತಾಸಿಗೊಮ್ಮೆ ಸಿಹಿ ಚಹಾ ಕುಡಿದರೆ ಜಮಾ ಆಗುವುದು ಯಾವಾಗ? ಖರ್ಚೇ ಹೆಚ್ಚಾದರೆ ತೂತು. ತೂತು ಒಳಗಿನ ನರ ಮುಟ್ಟಿದರೆ ನಿದ್ದೆಗೇಡು.

ಇದು ನಮ್ಮೂರಿನ ಪೀಡೆಯಷ್ಟೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ, ಕಾಯಂ ಹಲ್ಲಿನಲ್ಲಿ ಹುಳುಕಿದ್ದೂ ಚಿಕಿತ್ಸೆ ಸಿಗದವರು ಲೋಕದಲ್ಲಿ ಸುಮಾರು 200 ಕೋಟಿ ಜನ. ಹಾಲುಹಲ್ಲು ಹುಳುಕಾದ ಮಕ್ಕಳು 51 ಕೋಟಿಗೂ ಹೆಚ್ಚು.

ಕೊರೆಯುವ ಕಾಲ ಹೋಯಿತು

ಹಲ್ಲಿನ ಡಾಕ್ಟರ್ ಅಂದರೆ ಕಿವಿಗೆ ಬರುವುದು ಆ ಯಂತ್ರದ ‘ಝುಂಯ್’ ಸದ್ದು. ಹಿಂದೆ ಬೆಳ್ಳಿ ಬಣ್ಣದ ಮಿಶ್ರಣ ತುಂಬುತ್ತಿದ್ದರು. ಅದರ ಅರ್ಧದಷ್ಟು ತೂಕ ಪಾದರಸ. ಅದು ಹಲ್ಲಿಗೆ ತಾನಾಗಿ ಅಂಟುವುದಿಲ್ಲ. ಬೀಳದಂತೆ ಹಿಡಿಯಲು ಒಳಗೆ ಅಗಲ, ಬಾಯಿ ಕಿರಿದು ಮಾಡಿ ಕೊರೆಯಬೇಕು. ಸಣ್ಣ ಹುಳುಕಿಗೂ ಒಳ್ಳೆಯ ಹಲ್ಲಿನ ಭಾಗ ಬಲಿಯಾಗುತ್ತಿತ್ತು. ಪಾದರಸ ಪರಿಸರಕ್ಕೆ ಕೆಟ್ಟದ್ದೆಂದು 2013ರಲ್ಲಿ ಮಿನಮಾಟ ಒಪ್ಪಂದವಾಯಿತು. ಭಾರತವೂ 2018ರಲ್ಲಿ ಅದನ್ನು ಅನುಮೋದಿಸಿತು. 2034ರೊಳಗೆ ಈ ತುಂಬುವಿಕೆಯನ್ನೇ ನಿಲ್ಲಿಸಬೇಕೆಂದು 2025ರ ನವೆಂಬರಿನಲ್ಲಿ ಒಪ್ಪಂದದ ದೇಶಗಳು ತೀರ್ಮಾನಿಸಿವೆ. ಹಾಗಂತ ಬಾಯಲ್ಲಿ ಈಗಾಗಲೇ ಇರುವುದನ್ನು ಹೆದರಿ ತೆಗೆಸಬೇಕಿಲ್ಲ.

ಅದರ ಬದಲು ಬಂದವುಗಳಲ್ಲಿ ಒಂದು ಗಾಜಿನ ಪುಡಿಯ ಸಿಮೆಂಟು. 1972ರಲ್ಲಿ ಲಂಡನ್ನಿನ ಸರಕಾರಿ ಪ್ರಯೋಗಾಲಯದ ವಿಲ್ಸನ್ ಮತ್ತು ಕೆಂಟ್ ಇದರ ವಿವರ ಪ್ರಕಟಿಸಿದರು. ಗಾಜಿನ ಪುಡಿಗೆ ಒಂದು ಆಮ್ಲದ ದ್ರವ ಕಲಸಿದರೆ ನಿಮಿಷಗಳಲ್ಲಿ ಗಟ್ಟಿಯಾಗಿ ಹಲ್ಲಿಗೆ ತಾನೇ ಅಂಟುತ್ತದೆ. ಒಳಗಿನಿಂದ ಫ್ಲೋರೈಡನ್ನೂ ಸ್ವಲ್ಪ ಸ್ವಲ್ಪ ಬಿಡುತ್ತದೆ.

ಈ ಸಿಮೆಂಟಿನ ನಿಜವಾದ ಗುಣ ಗೊತ್ತಾದದ್ದು ಆಫ್ರಿಕದ ಹಳ್ಳಿಯಲ್ಲಿ. 1980ರ ದಶಕದ ನಡುವೆ ತಾಂಜಾನಿಯಾದಲ್ಲಿ ಯೊ ಫ್ರೆಂಕನ್ ಎಂಬ ಡಚ್ ದಂತವೈದ್ಯರು, ಕರೆಂಟು ಯಂತ್ರ ಎರಡೂ ಇಲ್ಲದ ಕಡೆ, ಕೈಸಲಕರಣೆಯಿಂದಲೇ ಕೊಳೆತ ಮೆತ್ತನೆ ಭಾಗ ಕೆರೆದು ತೆಗೆದು ಹಲ್ಲು ತುಂಬಿಸಿ ನೋಡಿದರು. ಚುಚ್ಚುಮದ್ದೂ ಸಾಮಾನ್ಯವಾಗಿ ಬೇಡ. ಮಗುವನ್ನು ಶಾಲೆಯ ಬೆಂಚಿನ ಮೇಲೆ ಮಲಗಿಸಿಯೂ ಮಾಡಬಹುದು. ಆಮೇಲೆ ಥಾಯ್ಲೆಂಡ್, ಜಿಂಬಾಬ್ವೆಗಳಲ್ಲಿ ಪರೀಕ್ಷೆ ನಡೆಯಿತು. 1994ರ ವಿಶ್ವ ಆರೋಗ್ಯ ದಿನದಂದು ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಮುಂದಿಟ್ಟಿತು.

ಫಲಿತಾಂಶ ಏನು? ಹಲವು ಅಧ್ಯಯನಗಳನ್ನು ಕೂಡಿಸಿ 2012ರಲ್ಲಿ ಲೆಕ್ಕ ಹಾಕಿದ್ದಾರೆ. ಒಂದೇ ಮಗ್ಗುಲಿನ ಹುಳುಕಾದರೆ ಹಾಲುಹಲ್ಲಿನಲ್ಲಿ ಎರಡು ವರ್ಷದ ಮೇಲೂ 100ಕ್ಕೆ 93 ಉಳಿದಿದ್ದವು. ಕಾಯಂ ಹಲ್ಲಿನಲ್ಲಿ ಐದು ವರ್ಷದ ಮೇಲೂ 100ಕ್ಕೆ 80. ಆದರೆ ಹಾಲುಹಲ್ಲಿನ ಎರಡು ಮೂರು ಮಗ್ಗುಲು ಹೋಗಿದ್ದರೆ ಎರಡೇ ವರ್ಷಕ್ಕೆ 62ಕ್ಕೆ ಇಳಿದಿತ್ತು. ಈ ಅಂಕಿಗಳ ಅರ್ಥ ಇಷ್ಟೇ: ತೂತು ಸಣ್ಣದಿದ್ದಾಗ ಹೋದವನು ಗೆದ್ದ.

ಮುಚ್ಚಿಟ್ಟರೆ ಉಪವಾಸ

ಇನ್ನೊಂದು ಸಂಗತಿ ಕೇಳಿದರೆ ಆಶ್ಚರ್ಯಪಡುತ್ತೀರಿ. ಕೊಳೆತದ್ದನ್ನು ಚೂರೂ ಬಿಡದೆ ಕೆರೆಯಬೇಕು ಅನ್ನುವುದು ಹಳೇ ಪಾಠ. ಅಮೆರಿಕದ ಜಾರ್ಜಿಯಾದಲ್ಲಿ ಒಂದು ತಂಡ ಉಲ್ಟಾ ಮಾಡಿ ನೋಡಿತು. ಹುಳುಕನ್ನು ಒಳಗೇ ಬಿಟ್ಟು, ಗಾಳಿಯಾಡದಂತೆ ಮೇಲೆ ತುಂಬಿ ಹತ್ತು ವರ್ಷ ಕಾದರು. 1998ರಲ್ಲಿ ಫಲಿತಾಂಶ ಹೇಳಿದರು: ಬಿಗಿಯಾಗಿ ಮುಚ್ಚಿದ ಕಡೆ ಹುಳುಕು ಮುಂದೆ ಹೋಗಲಿಲ್ಲ. ಸೂಕ್ಷ್ಮ ಜೀವಿಗೆ ಸಕ್ಕರೆ ಸರಬರಾಜು ಬಂದ್ ಆದರೆ ಅದೂ ಉಪವಾಸ ಬೀಳಲೇಬೇಕಲ್ಲ!

ಸ್ಕಾಟ್ಲೆಂಡಿನಲ್ಲಿ ನಾರ್ನಾ ಹಾಲ್ ಎಂಬ ವೈದ್ಯೆ ಮಕ್ಕಳ ಹುಳುಕು ದವಡೆಹಲ್ಲಿನ ಮೇಲೆ ಕೊರೆಯದೆ, ಚುಚ್ಚದೆ ಉಕ್ಕಿನ ಟೊಪ್ಪಿಗೆ ಕೂರಿಸುತ್ತಿದ್ದರು. ಅದನ್ನು 132 ಮಕ್ಕಳಲ್ಲಿ ಪರೀಕ್ಷಿಸಿದಾಗ ಸಾಮಾನ್ಯ ತುಂಬುವಿಕೆಗಿಂತ ಅದೇ ಮೇಲಾಯಿತು. ಜಪಾನಿನಲ್ಲಿ 1970ರ ಸುಮಾರಿಗೆ ಬಂದ ಬೆಳ್ಳಿ-ಫ್ಲೋರೈಡ್ ದ್ರವ ಇನ್ನೊಂದು ದಾರಿ. ಒಂದು ಹನಿ ಸವರಿದರೆ ಹುಳುಕು ಬಹುಪಾಲು ನಿಲ್ಲುತ್ತದೆ. ದೋಷ ಒಂದೇ, ಹುಳುಕಾದ ಜಾಗ ಕಪ್ಪಾಗುತ್ತದೆ. ಮುಂಚೂಣಿ ಹಲ್ಲಾದರೆ ಹುಡುಗಿಯ ತಾಯಿ ಒಪ್ಪಲಿಕ್ಕಿಲ್ಲ. ದವಡೆಹಲ್ಲಿಗೆ ಏನು ತೊಂದರೆ? ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ದ್ರವವನ್ನೂ, ಗಾಜಿನ ಸಿಮೆಂಟನ್ನೂ, ಫ್ಲೋರೈಡ್ ಪೇಸ್ಟನ್ನೂ ಅತ್ಯಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ನೋವು ಬಂದ ಮೇಲೆ?

ಬಸ್ಸಿನ ಯಜಮಾನರ ಹಾಗೆ ರಾತ್ರಿ ನಿದ್ದೆ ಹೋಗಿದ್ದರೆ ಈ ಸುಲಭದ ದಾರಿ ಸಾಲದು. ಒಳಗಿನ ನರ ಕೆಟ್ಟಿರುತ್ತದೆ. ಆಗಲೂ ಕೀಳುವುದೊಂದೇ ಮದ್ದಲ್ಲ. ಬೇರಿನ ಕಾಲುವೆ ಸ್ವಚ್ಛ ಮಾಡಿ ತುಂಬಿ ಮೇಲೆ ಟೊಪ್ಪಿಗೆ ಹಾಕಿದರೆ ಹಲ್ಲು ವರ್ಷಗಟ್ಟಲೆ ದುಡಿಯುತ್ತದೆ. ಜನ ರೂಟ್ ಕೆನಾಲ್ ಅನ್ನುವುದು ಇದಕ್ಕೇ. ಆದರೆ ಎರಡು ಮೂರು ಸಲ ಓಡಾಟ, ಖರ್ಚೂ ಹೆಚ್ಚು. ಅಂದರೆ ತಡ ಮಾಡಿದ ಒಂದೊಂದು ತಿಂಗಳಿಗೂ ಬಡ್ಡಿ ಕಟ್ಟಬೇಕು. ಕೆಲವು ಹಲ್ಲು ಕೀಳಲೇಬೇಕಾಗುತ್ತದೆ, ಅದೂ ನಿಜ. ಅದನ್ನು ಹೇಳಬೇಕಾದವರು ಎಕ್ಸ್‌ರೇ ನೋಡಿದ ಡಾಕ್ಟರು, ಬಸ್ಸಿನ ಸಹಪ್ರಯಾಣಿಕರಲ್ಲ.

ಎಲ್ಲಿಗೆ ಹೋಗಬೇಕು?

ಮೊದಲು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ. ‘ತುಂಬಾಕ ಬರತೈತೇನ್ರೀ?’ ಎಂದು ಬಾಯಿಬಿಟ್ಟು ಕೇಳಿ. ಗಾಜಿನ ಸಿಮೆಂಟು ಇದೆಯೋ ಇಲ್ಲವೋ ವಿಚಾರಿಸಿ. ಕೇಳುವವರಿದ್ದರೆ ಸಾಮಾನು ತರಿಸುವವರೂ ಇರುತ್ತಾರೆ. ದೊಡ್ಡ ಕೆಲಸಕ್ಕೆ ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಶುರುವಾದ ಎಸ್‌ಡಿಎಂ ದಂತ ಮಹಾವಿದ್ಯಾಲಯ ಇದೆ. ಅಲ್ಲಿ ಹಲ್ಲು ಉಳಿಸುವುದಕ್ಕೇ ಒಂದು ಪ್ರತ್ಯೇಕ ವಿಭಾಗವುಂಟು. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಗುರುಗಳ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ಹೊತ್ತು ಹೆಚ್ಚು ಹಿಡಿದೀತು, ಅವಸರ ಮಾಡಬೇಡಿ.

ರಸ್ತೆ ಬದಿ ಕೂತು ‘ಈಗಿಂದೀಗ ಹಲ್ಲು ಕೂಡಸತೇನಿ’ ಅನ್ನುವವರಿಂದ ದೂರ ಇರಿ. ತಂತಿ ಸುತ್ತಿ, ಬೇಗ ಗಟ್ಟಿಯಾಗುವ ಪ್ಲಾಸ್ಟಿಕ್ ಹಿಟ್ಟು ಮೆತ್ತಿ ಪಕ್ಕದ ಹಲ್ಲಿಗೆ ಕಟ್ಟಿಬಿಡುತ್ತಾರೆ. ಅದರ ಕೆಳಗೆ ವಸಡು ಕೊಳೆತು ಒಳ್ಳೆಯ ಹಲ್ಲೂ ಅಲುಗಾಡುತ್ತದೆ. ಡಾಕ್ಟರ ಹೆಸರು ದಂತ ಪರಿಷತ್ತಿನಲ್ಲಿ ನೋಂದಣಿ ಆಗಿದೆಯೇ ಎಂದು ಕೇಳುವುದು ನಿಮ್ಮ ಹಕ್ಕು.

ಮನೆಯ ಕೆಲಸ ಇಷ್ಟೇ. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜಿ. ಇದ್ದಿಲು, ಇಟ್ಟಿಗೆ ಪುಡಿ, ತಂಬಾಕಿನ ಮಿಶ್ರಿ ಬಿಡಿ. ಸವಣೂರಿನ ಎಲೆ ಹೆಸರುವಾಸಿ, ಅದರ ಮೇಲೆ ನನಗೆ ದ್ವೇಷವಿಲ್ಲ. ಜೊತೆಗೆ ತಂಬಾಕು ಬೇಡ ಅಷ್ಟೇ. ವರ್ಷಕ್ಕೊಮ್ಮೆ, ನೋವಿಲ್ಲದಾಗಲೇ, ಬಾಯಿ ತೋರಿಸಿ.

ಹಲ್ಲೆಲ್ಲ ಹೋದ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡಲು ಕರ್ನಾಟಕ ಸರಕಾರ 2014ರಲ್ಲಿ ದಂತಭಾಗ್ಯ ಯೋಜನೆ ತಂದಿತು. ಒಳ್ಳೆಯ ಕೆಲಸವೇ. ಆದರೆ ದೇವರು ಕೊಟ್ಟ ಹಲ್ಲಿನಲ್ಲಿ ರೊಟ್ಟಿ ಕಡಿಯುವ ಭಾಗ್ಯ ಅದಕ್ಕಿಂತ ದೊಡ್ಡದು.

ಸವಣೂರು ಬಂತು. ಯಜಮಾನರು ಇಳಿಯುವಾಗ ಅವರ ಕಿವಿಯಲ್ಲಿ ಒಂದೇ ಮಾತು ಹೇಳಿದೆ: ‘ಮೊದಲ ಉಳಿಸಾಕ ಬರತೈತೇನು ಅಂತ ಕೇಳ್ರೀ, ಆಮ್ಯಾಲ ಕೀಳಿಸ್ರೀ.’ ಅವರು ಟವೆಲ್ ಸರಿಸಿ ನನ್ನ ಕಡೆ ನೋಡಿದರು. ‘ಹಂಗೂ ಬರತೈತೇನ್ರೀ?’ ಎಂದರು.

ಈ ಪ್ರಶ್ನೆಯನ್ನು ಇಂದು ರಾತ್ರಿ ನಿಮ್ಮ ಮನೆಯಲ್ಲೂ ಕೇಳಿ. ದೀಪದ ಕೆಳಗೆ ಮಕ್ಕಳ ಬಾಯಿ ತೆರೆಸಿ, ಕೊನೆಯ ಹಲ್ಲು ನೋಡಿ. ಕಪ್ಪು ಚುಕ್ಕೆ ಕಂಡರೆ, ಸಂತೆ ದಿನದ ತನಕವೂ ಕಾಯಬೇಡಿ.